ದೊಡ್ಡ ರೋಗವೋ, ಹಿರೇಬೇನೆಯೋ? — ಸೋದರ ವೈರಸ್ಸುಗಳನ್ನು ಬೇರ್ಪಡಿಸುವ ಬಗೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ಒಂದು ಕಡೆ ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲ, ಇನ್ನೊಂದು ಕಡೆ ಕಪ್ಪು ಎರೆಯ ಹೊಲ. ಮಳೆಯನ್ನೇ ನಂಬಿದ ಈ ಸೀಮೆಯ ರೈತನನ್ನು ಬೆಳೆ ಕೈಕೊಟ್ಟ ವರ್ಷ ಕಾಪಾಡುವುದು ಅವನ ಕೊಟ್ಟಿಗೆ. ಕಪ್ಪು ಬಿಳುಪಿನ ದೇವಣಿ ಎತ್ತು ಅವನ ಹೆಮ್ಮೆ; ಆದರೆ ಮಗಳ ಮದುವೆಗೊ, ಮಗನ ಶಾಲೆಯ ಶುಲ್ಕಕ್ಕೊ ಅವಸರದಲ್ಲಿ ಹಣ ಬೇಕಾದಾಗ ಸಂತೆಗೆ ಹೊರಡುವುದು ಎತ್ತಲ್ಲ, ಆಡು ಅಥವಾ ಕುರಿ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹುಮನಾಬಾದನ್ನು ಹಾದುಹೋಗುತ್ತದೆ. ಪಶ್ಚಿಮಕ್ಕೆ ಮಹಾರಾಷ್ಟ್ರ, ಪೂರ್ವಕ್ಕೆ ತೆಲಂಗಾಣ. ಎರಡು ಗಡಿಗಳೂ ಬಹಳ ದೂರವಿಲ್ಲ. ಒಂದು ರಾಜ್ಯದ ಸಂತೆಯಲ್ಲಿ ಕೊಂಡ ಕುರಿ ಮತ್ತೊಂದು ರಾಜ್ಯದ ಸಂತೆಯಲ್ಲಿ ಮಾರಾಟವಾಗುವುದುಂಟು. ಅದರೊಡನೆ ರೋಗಗಳೂ ಗಡಿ ದಾಟುವುವು; ಅವಕ್ಕೆ ರಹದಾರಿ ಬೇಕಿಲ್ಲ.

ಹೀಗೆ ಭಾವಿಸೋಣ. ಬಸವಕಲ್ಯಾಣದ ಹತ್ತಿರದ ಒಂದು ಹಳ್ಳಿಗೆ ಸಂತೆಯಿಂದ ನಾಲ್ಕು ಹೊಸ ಆಡುಗಳು ಬಂದಿವೆ. ವಾರ ಕಳೆಯುವುದರೊಳಗೆ ಹಿಂಡಿನ ಕೆಲವು ಆಡುಗಳಿಗೆ ಜ್ವರ ಏರುತ್ತದೆ, ಮೇವು ಬಿಡುತ್ತವೆ. ಕಣ್ಣು ಮೂಗುಗಳಿಂದ ಮೊದಲು ನೀರು, ಆಮೇಲೆ ಕೀವಿನಂಥ ದ್ರವ ಸುರಿದು ರೆಪ್ಪೆಗಳು ಅಂಟಿಕೊಳ್ಳುತ್ತವೆ. ತುಟಿ, ಒಸಡು, ನಾಲಿಗೆಗಳ ಮೇಲೆ ಹೊಟ್ಟು ಉದುರಿಸಿದಂತೆ ಬೂದುಬಣ್ಣದ ಹುಣ್ಣುಗಳೇಳುತ್ತವೆ. ಬಾಯಿ ದುರ್ನಾತ ಬೀರುತ್ತದೆ. ಬಳಿಕ ಭೇದಿ, ಕೆಮ್ಮು, ಏದುಸಿರು. ಹಲವು ಮರಿಗಳ ಸಾವು. ಇದನ್ನು ಕಂಡ ಊರಿನ ಹಿರಿಯನೊಬ್ಬನು, ತಾನು ಹುಡುಗನಾಗಿದ್ದಾಗ ದನಗಳಿಗೆ ದೊಡ್ಡ ರೋಗ ಬಂದು ಕೊಟ್ಟಿಗೆಗಳು ಬರಿದಾದಾಗಲೂ ಲಕ್ಷಣಗಳು ಹೀಗೆಯೇ ಇದ್ದುವೆಂದು ಹೇಳಿದರೆ, ಅವನ ಮಾತನ್ನು ಮುದಿತನದ ಮರುಳೆಂದು ತಳ್ಳಿಹಾಕುವಂತಿಲ್ಲ. ಅವನ ಕಣ್ಣು ಸರಿಯಾಗಿಯೇ ಕಂಡಿದೆ.

ಕನ್ನಡಿಗರು ದನಗಳ ದೊಡ್ಡ ರೋಗವೆಂದು ಕರೆಯುತ್ತಿದ್ದುದು ರಿಂಡರ್‌ಪೆಸ್ಟ್ ಎಂಬ ಮಹಾಮಾರಿಯನ್ನು. ಆಡು ಕುರಿಗಳಿಗೆ ಬರುವ ಮೇಲೆ ಹೇಳಿದ ಕಾಯಿಲೆಗೆ ನಮ್ಮವರು ಇಟ್ಟ ಹೆಸರು ಹಿರೇಬೇನೆ. ಪಶುವೈದ್ಯರು ಅದನ್ನು ಅದರ ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಪಿ.ಪಿ.ಆರ್. ಎನ್ನುವರು. ‘ಸಣ್ಣ ಮೆಲುಕುಪ್ರಾಣಿಗಳ ಮಾರಿ’ ಎಂದು ಆ ಹೆಸರಿನ ಅರ್ಥ. ‘ದೊಡ್ಡ’ ಎಂದರೂ ‘ಹಿರೇ’ ಎಂದರೂ ಒಂದೇ ಅಲ್ಲವೆ? ಲಕ್ಷಣಗಳನ್ನು ಕಂಡು ಹೆಸರಿಟ್ಟ ಜನರು ಎರಡಕ್ಕೂ ಒಂದೇ ಅರ್ಥದ ಹೆಸರನ್ನು ಕೊಟ್ಟರು. ಆದರೆ ಎರಡರ ಕಾರಣ ಒಂದೇ ಅಲ್ಲ. ಎರಡು ಬೇರೆ ವೈರಸ್ಸುಗಳು, ಒಂದೇ ತಾಯಿಯ ಮಕ್ಕಳಂತೆ ಹೋಲುವ ಎರಡು ವಿಷಾಣುಗಳು, ಈ ರೋಗಗಳನ್ನುಂಟುಮಾಡುತ್ತವೆ. ಇವುಗಳನ್ನು ಬೇರ್ಪಡಿಸಲು ಪ್ರಯೋಗಶಾಲೆಗೆ ಒಂದು ಕಾಲದಲ್ಲಿ ಎರಡು ಮೂರು ವಾರಗಳು ಬೇಕಾಗುತ್ತಿದ್ದುವು. ಈಗ ಎರಡು ಗಂಟೆಗಳು ಸಾಕು. ಆ ಎರಡು ಗಂಟೆಯ ಪರೀಕ್ಷೆ ಹೇಗೆ ನಡೆಯುವುದು, ಅದು ಇಲ್ಲದೆಹೋಗಿದ್ದರೆ ಏನು ಕೆಡುತ್ತಿತ್ತು ಎಂಬುದೇ ಈ ಲೇಖನದ ವಿಷಯ.

ಒಂದು ಮನೆತನ, ನಾಲ್ವರು ಸದಸ್ಯರು

ಮಕ್ಕಳಿಗೆ ಬರುವ ದಡಾರವನ್ನು ಎಲ್ಲರೂ ಬಲ್ಲರು. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ಮಾರಕ ರೋಗವನ್ನು ನಾಯಿ ಸಾಕಿದವರು ಕೇಳಿರಬಹುದು. ದಡಾರ, ಡಿಸ್ಟೆಂಪರ್, ರಿಂಡರ್‌ಪೆಸ್ಟ್, ಹಿರೇಬೇನೆ ಈ ನಾಲ್ಕೂ ರೋಗಗಳ ವೈರಸ್ಸುಗಳು ಮಾರ್ಬಿಲಿ ವೈರಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಇವುಗಳ ಆನುವಂಶಿಕ ದ್ರವ್ಯ ಆರ್.ಎನ್.ಎ. ಎಂಬ ಒಂಟಿ ಎಳೆ. ರಿಂಡರ್‌ಪೆಸ್ಟ್ ಮತ್ತು ಹಿರೇಬೇನೆಯ ವೈರಸ್ಸುಗಳಲ್ಲಿ ಆ ಎಳೆಯ ಉದ್ದ ೧೬,೦೦೦ ‘ಅಕ್ಷರ’ಗಳಿಗೆ ತುಸು ಕಡಿಮೆ. ಅದರಲ್ಲಿ ಆರು ಜೀನುಗಳು ಒಂದರ ಮುಂದೊಂದು ಅದೇ ಕ್ರಮದಲ್ಲಿ ನಿಂತಿವೆ. ಎಳೆಯನ್ನು ಸುತ್ತಿಕೊಂಡು ಕಾಪಾಡುವ ಪ್ರೋಟೀನಿಗೆ ಎನ್-ಪ್ರೋಟೀನ್ ಎಂದು ಹೆಸರು. ವೈರಸ್ಸು ಹೊಕ್ಕ ಜೀವಕೋಶದಲ್ಲಿ ಅತ್ಯಂತ ಹೇರಳವಾಗಿ ತಯಾರಾಗುವುದು ಈ ಪ್ರೋಟೀನೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಹಿರೇಬೇನೆಯನ್ನು ಮೊದಲಿಗೆ ವರ್ಣಿಸಿದುದು ೧೯೪೨ರಲ್ಲಿ, ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ. ರಿಂಡರ್‌ಪೆಸ್ಟ್ ವೈರಸ್ಸೇ ದನಗಳನ್ನು ಬಿಟ್ಟು ಆಡು ಕುರಿಗಳಿಗೆ ಒಗ್ಗಿಕೊಂಡಿದೆಯೆಂದು ಆಗ ಬಹುಕಾಲ ನಂಬಿದ್ದರು. ಇದು ಬೇರೆಯೇ ವೈರಸ್ಸು, ಮಾರ್ಬಿಲಿ ಕುಲದ ನಾಲ್ಕನೆಯ ಸದಸ್ಯ ಎಂದು ಒಪ್ಪಿಗೆಯಾದುದು ೧೯೭೯ರಲ್ಲಿ. ನಮ್ಮ ದೇಶದಲ್ಲಿ ಇದು ಪತ್ತೆಯಾದುದು ೧೯೮೭ರಲ್ಲಿ, ತಮಿಳುನಾಡಿನ ವಿಲ್ಲುಪುರಂ ಬಳಿಯ ಅರಸೂರಿನ ಕುರಿಗಳಲ್ಲಿ. ಆ ಕುರಿಗಳಿಗೆ ಬಂದ ರೋಗ ರಿಂಡರ್‌ಪೆಸ್ಟ್ ಅಲ್ಲವೆಂದು ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಅವರು ಪ್ರಮುಖರು. ಅವರ ತಂಡದ ವರದಿ ೧೯೮೯ರಲ್ಲಿ ಪ್ರಕಟವಾಯಿತು. ಅದಕ್ಕಿಂತ ಹಿಂದೆ ‘ಕುರಿಗಳ ರಿಂಡರ್‌ಪೆಸ್ಟ್’ ಎಂದು ದಾಖಲಾದ ಎಷ್ಟೋ ಪ್ರಕರಣಗಳು ನಿಜವಾಗಿ ಹಿರೇಬೇನೆಯವೇ ಆಗಿದ್ದಿರಬಹುದೆಂದು ಊಹಿಸಲು ಧಾರಾಳವಾಗಿ ಅವಕಾಶವಿದೆ. ೧೯೯೪ರವರೆಗೆ ದಕ್ಷಿಣ ಭಾರತದಲ್ಲಷ್ಟೇ ಇದ್ದಂತೆ ತೋರುತ್ತಿದ್ದ ಈ ಬೇನೆ ಆ ಬಳಿಕ ಉತ್ತರದ ರಾಜ್ಯಗಳಲ್ಲಿಯೂ ಕಾಣಿಸಿಕೊಂಡಿತು.

ಹಾಗಾದರೆ ರೋಗಕ್ಕೆ ತುತ್ತಾದ ಪ್ರಾಣಿ ಯಾವುದೆಂದು ನೋಡಿದರೆ ಸಾಲದೆ? ದನವಾದರೆ ರಿಂಡರ್‌ಪೆಸ್ಟ್, ಆಡು ಕುರಿಯಾದರೆ ಹಿರೇಬೇನೆ ಎನ್ನಬಾರದೆ? ಎನ್ನಬಾರದು. ಭಾರತದ ರಿಂಡರ್‌ಪೆಸ್ಟ್ ವೈರಸ್ಸು ಆಡು ಕುರಿಗಳನ್ನೂ ಹಿಡಿಯುತ್ತಿತ್ತು. ಇತ್ತ ಹಿರೇಬೇನೆಯ ವೈರಸ್ಸು ದನಗಳ ಶರೀರವನ್ನು ಹೊಗಬಲ್ಲುದು. ಅಲ್ಲಿ ಅದು ರೋಗವನ್ನುಂಟುಮಾಡದೆ, ರಕ್ತದಲ್ಲಿ ತಾನು ಬಂದುಹೋದ ಗುರುತನ್ನು ಮಾತ್ರ ಬಿಟ್ಟುಹೋಗುವುದು.

ಗುರುತು ತಪ್ಪಿದರೆ ಆಗುವ ಕೇಡು

ರಿಂಡರ್‌ಪೆಸ್ಟಿನ ಭೀಕರತೆಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಹೊಸದಾಗಿ ಹೊಕ್ಕ ಹಿಂಡಿನಲ್ಲಿ ನೂರಕ್ಕೆ ತೊಂಬತ್ತು ದನಗಳನ್ನು ಅದು ಕೊಲ್ಲಬಲ್ಲುದಾಗಿತ್ತು. ೧೮೮೯ರಲ್ಲಿ ಪುಣೆಯಲ್ಲಿ ಆರಂಭವಾಗಿ ನಾಲ್ಕು ವರ್ಷಗಳಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡ ಪ್ರಯೋಗಶಾಲೆ, ಅಂದರೆ ಇಂದಿನ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆಯ ಮೂಲರೂಪ, ಹುಟ್ಟಿದ್ದಕ್ಕೆ ಮುಖ್ಯ ಕಾರಣಗಳಲ್ಲಿ ಈ ರೋಗ ಒಂದು. ೧೯೨೦ರ ದಶಕದಲ್ಲಿ ಅಲ್ಲಿಯೇ ಜೆ. ಟಿ. ಎಡ್ವರ್ಡ್ಸ್ ಅವರು ಆಡುಗಳಲ್ಲಿ ಹಾಯಿಸಿ ಸೌಮ್ಯಗೊಳಿಸಿದ ವೈರಸ್ಸಿನಿಂದ ಲಸಿಕೆ ತಯಾರಿಸಿದರು. ೧೯೫೪ರಲ್ಲಿ ನಮ್ಮ ದೇಶದಲ್ಲಿ ನಿರ್ಮೂಲನ ಕಾರ್ಯ ಆರಂಭವಾಯಿತು. ೧೯೬೦ರ ಸುಮಾರಿಗೆ ಕೆನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಅವರು ಜೀವಕೋಶಗಳ ಕೃಷಿಯಲ್ಲಿ ಬೆಳೆಸಿದ ಇನ್ನೂ ಉತ್ತಮ ಲಸಿಕೆಯನ್ನು ಕೊಟ್ಟರು. ಭಾರತದ ಕೊನೆಯ ರಿಂಡರ್‌ಪೆಸ್ಟ್ ಪ್ರಕರಣಗಳು ವರದಿಯಾದುದು ೧೯೯೫ರಲ್ಲಿ, ತಮಿಳುನಾಡಿನಲ್ಲಿ.

ಕೊನೆಯದು ಎಂದು ಈಗ ನಾವು ಸುಲಭವಾಗಿ ಹೇಳುತ್ತೇವೆ. ಅಂದು ಅದು ಕೊನೆಯದೆಂದು ತಿಳಿಯುವುದು ಹೇಗೆ? ಒಂದು ದೇಶದಲ್ಲಿ ವೈರಸ್ಸು ಇಲ್ಲವೆಂದು ಸಾಧಿಸಬೇಕಾದರೆ ಮೊದಲು ಲಸಿಕೆ ಹಾಕುವುದನ್ನು ನಿಲ್ಲಿಸಬೇಕು. ಆಮೇಲೆ ಹುಟ್ಟಿದ ಪ್ರಾಣಿಗಳ ರಕ್ತವನ್ನು ಪರೀಕ್ಷಿಸುತ್ತ ಹೋಗಬೇಕು. ವೈರಸ್ಸು ಅಥವಾ ಲಸಿಕೆ ಶರೀರವನ್ನು ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳು ಹುಟ್ಟುವುವಷ್ಟೆ. ಲಸಿಕೆ ಹಾಕದ ಎಳೆಯ ದನದ ರಕ್ತದಲ್ಲಿ ರಿಂಡರ್‌ಪೆಸ್ಟಿನ ಪ್ರತಿಕಾಯಗಳು ಕಂಡುಬಂದರೆ, ವೈರಸ್ಸು ಎಲ್ಲಿಯೋ ಅಡಗಿ ತಿರುಗಾಡುತ್ತಿದೆಯೆಂದೇ ಅರ್ಥ. ಇಂಥ ಹೊತ್ತಿನಲ್ಲಿ ಹಿರೇಬೇನೆಯ ವೈರಸ್ಸು ದನದಲ್ಲಿ ಬಿಟ್ಟುಹೋದ ಪ್ರತಿಕಾಯವನ್ನು ಪರೀಕ್ಷೆಯು ರಿಂಡರ್‌ಪೆಸ್ಟಿನದೆಂದು ಓದಿಬಿಟ್ಟರೆ? ದೇಶವಿಡೀ ಗಾಬರಿ, ನಿಲ್ಲಿಸಿದ ಲಸಿಕೆಯನ್ನು ಮತ್ತೆ ಆರಂಭಿಸಬೇಕು, ವರ್ಷಗಳ ಶ್ರಮ ಮಣ್ಣುಪಾಲು. ಇದರ ವಿಪರ್ಯಯ ಇನ್ನೂ ಅಪಾಯಕರ. ಹಿಂಡಿನಲ್ಲಿ ನಿಜವಾಗಿ ರಿಂಡರ್‌ಪೆಸ್ಟ್ ಬಂದಿರುವಾಗ ‘ಇದು ಬರಿಯ ಹಿರೇಬೇನೆ’ ಎಂದು ಕೈಕಟ್ಟಿ ಕುಳಿತರೆ, ಹೆದ್ದಾರಿಯ ಸಂತೆಗಳ ಮೂಲಕ ಅದು ಮೂರು ರಾಜ್ಯಗಳಿಗೆ ಹಬ್ಬಬಹುದಾಗಿತ್ತು.

ಲಸಿಕೆಯ ವಿಷಯದಲ್ಲಿಯೂ ಇದೇ ತೊಡಕು. ಎರಡು ವೈರಸ್ಸುಗಳು ಎಷ್ಟು ಹತ್ತಿರದವೆಂದರೆ ರಿಂಡರ್‌ಪೆಸ್ಟಿನ ಲಸಿಕೆ ಹಿರೇಬೇನೆಯಿಂದಲೂ ರಕ್ಷಿಸುತ್ತಿತ್ತು. ಆಫ್ರಿಕದಲ್ಲಿ ಅದನ್ನು ಆಡು ಕುರಿಗಳಿಗೆ ಬಳಸಿದ್ದೂ ಉಂಟು. ಆದರೆ ಹಾಗೆ ಲಸಿಕೆ ಹಾಕಿಸಿಕೊಂಡ ಆಡಿನ ರಕ್ತದಲ್ಲಿ ಹುಟ್ಟುವುದು ರಿಂಡರ್‌ಪೆಸ್ಟಿನ ಪ್ರತಿಕಾಯ! ವೈರಸ್ಸನ್ನು ಹುಡುಕಹೊರಟವರ ಕಣ್ಣಿಗೆ ತಾವೇ ಮಣ್ಣೆರಚಿಕೊಂಡಂತೆ ಆಯಿತು. ಆದುದರಿಂದ ಆ ಬಳಕೆಯನ್ನು ಕೈಬಿಟ್ಟು, ಹಿರೇಬೇನೆಗೆಂದೇ ಬೇರೆ ಲಸಿಕೆಗಳನ್ನು ತಯಾರಿಸಬೇಕಾಯಿತು. ನಮ್ಮಲ್ಲಿ ಮುಕ್ತೇಶ್ವರದ ವಿಜ್ಞಾನಿಗಳು ೧೯೯೬ರಲ್ಲಿ ಹಿಮಾಚಲ ಪ್ರದೇಶದ ಸುಂಗ್ರಿಯಲ್ಲಿ ದೊರೆತ ವೈರಸ್ಸಿನಿಂದ ಅಂಥದೊಂದು ಲಸಿಕೆಯನ್ನು ಸಿದ್ಧಪಡಿಸಿದರು. ಒಮ್ಮೆ ಹಾಕಿದರೆ ಕನಿಷ್ಠ ಮೂರು ವರ್ಷಗಳ ಕಾಲ ಅದು ರಕ್ಷಣೆ ಕೊಡುವುದು.

ಹಳೆಯ ದಾರಿಗಳು

ಈಗ ಪ್ರಯೋಗಶಾಲೆಯೊಳಕ್ಕೆ ಹೋಗೋಣ. ಅತಿ ಹಳೆಯ ಉಪಾಯ ಪ್ರಾಣಿಯ ಮೇಲಿನ ಪ್ರಯೋಗ. ರೋಗಿಯಾದ ಆಡಿನ ರಕ್ತವನ್ನು ಆರೋಗ್ಯವಂತ ಕರುವಿಗೆ ಚುಚ್ಚುವುದು. ಕರು ಕಾಯಿಲೆ ಬಿದ್ದರೆ ರಿಂಡರ್‌ಪೆಸ್ಟ್, ಬೀಳದಿದ್ದರೆ ಹಿರೇಬೇನೆ. ತರ್ಕ ಸರಳ, ಆದರೆ ವಾರಗಟ್ಟಲೆ ಕಾಯಬೇಕು, ಪ್ರಾಣಿಯನ್ನು ಬಲಿಕೊಡಬೇಕು, ಮಹಾಮಾರಿಯನ್ನು ಕೈಯಾರೆ ಬೆಳೆಸಬೇಕು.

ಎರಡನೆಯದು ಅಗರ್ ಪರೀಕ್ಷೆ. ಸಮುದ್ರದ ಪಾಚಿಯಿಂದ ತೆಗೆದ ಅಗರನ್ನು ಗಾಜಿನ ತಟ್ಟೆಯಲ್ಲಿ ಮೊಸರಿನಂತೆ ಹೆಪ್ಪುಗಟ್ಟಿಸಿ, ಅದರಲ್ಲಿ ಸಣ್ಣ ಕುಳಿಗಳನ್ನು ಕೊರೆದು, ಒಂದರಲ್ಲಿ ರೋಗಿಯಾದ ಪ್ರಾಣಿಯ ಅಂಗಾಂಶದ ರಸವನ್ನೂ ಎದುರಿನದರಲ್ಲಿ ಪ್ರತಿಕಾಯಗಳುಳ್ಳ ಸೀರಮನ್ನೂ ಹಾಕುವರು. ಎರಡೂ ಅಗರಿನಲ್ಲಿ ಇಂಗುತ್ತ ಹರಡಿ ನಡುವೆ ಸಂಧಿಸಿದಲ್ಲಿ, ಹೊಂದಿಕೆಯಾದರೆ, ಬಿಳಿಯ ಗೆರೆಯೊಂದು ಮೂಡುವುದು. ಒಂದು ದಿನದ ಕೆಲಸ, ಖರ್ಚು ಅತ್ಯಲ್ಪ, ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಸುಂದರವಾದ ಪರೀಕ್ಷೆ ಇನ್ನೊಂದಿಲ್ಲ. ಆದರೆ ನಮ್ಮ ಪ್ರಶ್ನೆಗೆ ಅದು ಉತ್ತರ ಕೊಡಲಾರದು. ಒಂದು ವೈರಸ್ಸಿನ ವಿರುದ್ಧ ಮೊಲವೊ ಆಡೊ ತಯಾರಿಸುವ ಸೀರಮಿನಲ್ಲಿ ಒಂದೇ ಬಗೆಯ ಪ್ರತಿಕಾಯ ಇರುವುದಿಲ್ಲ. ನೂರಾರು ಬಗೆಗಳ ಗುಂಪೇ ಇರುವುದು. ಅವುಗಳಲ್ಲಿ ಬಹುಪಾಲು ಎರಡು ವೈರಸ್ಸುಗಳಿಗೂ ಸಮಾನವಾದ ಭಾಗಗಳನ್ನು ಹಿಡಿಯುವುವು. ಆದುದರಿಂದ ವೈರಸ್ಸು ಯಾವುದಿದ್ದರೂ ಗೆರೆ ಮೂಡುವುದು.

ಮೂರನೆಯದಾಗಿ, ವೈರಸ್ಸನ್ನು ಕುರಿಮರಿಯ ಅಥವಾ ಮಂಗದ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿ, ಪ್ರತಿಯೊಂದು ವೈರಸ್ಸಿನ ಸೀರಮ್ ಅದನ್ನು ಎಷ್ಟರಮಟ್ಟಿಗೆ ತಡೆಯುವುದೆಂದು ತೂಗಿ ನೋಡುವ ವಿಧಾನ. ಇದು ನಂಬಲರ್ಹವಾದುದು. ಆದರೆ ಬೆಳೆಯಲು ಒಂದೆರಡು ವಾರ, ತೂಗಲು ಮತ್ತೆ ಹತ್ತು ದಿನ. ವರದಿ ಬರುವಷ್ಟರಲ್ಲಿ ಹಿಂಡಿನಲ್ಲಿ ಸಾಯಬೇಕಾದವು ಸತ್ತು, ಉಳಿಯಬೇಕಾದವು ಉಳಿದಿರುತ್ತವೆ.

ಎರಡು ಗಂಟೆಯ ಪರೀಕ್ಷೆ

ಬೀದರಿನ ಬಿದರಿ ಕೆಲಸವನ್ನು ನೋಡಿದವರಿಗೆ ಮುಂದಿನ ಮಾತು ಬೇಗ ತಿಳಿದೀತು. ಒಬ್ಬ ಕುಶಲಕರ್ಮಿ ಒಂದೇ ಮಾದರಿಯಲ್ಲಿ ಎರಡು ಹೂಜಿಗಳನ್ನು ಎರೆದು ಕಪ್ಪುಗೊಳಿಸಿ, ಎರಡರ ಮೇಲೂ ಬೆಳ್ಳಿಯ ಒಂದೇ ಬಳ್ಳಿಯನ್ನು ಕೂರಿಸಿದನೆನ್ನಿ. ಕೊರಳಿನ ಬಳಿ ಮಾತ್ರ ಒಂದಕ್ಕೆ ಹೂವು, ಇನ್ನೊಂದಕ್ಕೆ ಎಲೆ. ಹೂಜಿಯ ಮೈಯನ್ನೆಲ್ಲ ಸವರಿ ನೋಡುವವನಿಗೆ ಎರಡೂ ಒಂದೇ. ಕೊರಳನ್ನಷ್ಟೇ ನೋಡುವವನಿಗೆ ಎರಡೂ ಬೇರೆ. ಹಳೆಯ ಸೀರಮ್ ಮೈ ಸವರುವ ಕೈಯಂತೆ. ಬೇಕಾಗಿದ್ದುದು ಕೊರಳನ್ನಷ್ಟೇ ನೋಡುವ ಕಣ್ಣು.

ಆ ಕಣ್ಣು ದೊರೆತುದು ೧೯೭೫ರಲ್ಲಿ. ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಎಂಬವರು ಪ್ರತಿಕಾಯ ತಯಾರಿಸುವ ಒಂದು ಜೀವಕೋಶವನ್ನು ಕೊನೆಯಿಲ್ಲದೆ ಬೆಳೆಯುವ ಅರ್ಬುದ ಕೋಶದೊಡನೆ ಬೆಸೆದರು. ಆ ಬೆಸುಗೆಯ ಸಂತತಿಯೆಲ್ಲವೂ ಒಂದೇ ಬಗೆಯ ಪ್ರತಿಕಾಯವನ್ನು ಹೊರಸೂಸುವುದು. ಒಂದೇ ಕೋಶದ ವಂಶದಿಂದ ಬಂದ ಈ ಪ್ರತಿಕಾಯಕ್ಕೆ ಮಾನೋಕ್ಲೋನಲ್ ಪ್ರತಿಕಾಯವೆಂದು ಹೆಸರು. ಇಂಥವುಗಳನ್ನು ಹತ್ತಾರು ತಯಾರಿಸಿ ಸೋಸಿ ನೋಡಿದರೆ, ಕೆಲವು ಎರಡು ವೈರಸ್ಸುಗಳನ್ನೂ ಹಿಡಿಯುವುವು. ಕೆಲವು ರಿಂಡರ್‌ಪೆಸ್ಟನ್ನು ಮಾತ್ರ. ಕೆಲವು ಹಿರೇಬೇನೆಯನ್ನು ಮಾತ್ರ.

೧೯೯೪ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರಕಟಿಸಿದ ಎಲೈಸಾ ಪರೀಕ್ಷೆ ಈ ಮೂರು ಬಗೆಗಳನ್ನೂ ಉಪಯೋಗಿಸಿಕೊಂಡಿತು. ನನ್ನ ಎಣಿಕೆಯಲ್ಲಿ ಈ ಕಥೆಯ ಅತ್ಯಂತ ಚತುರವಾದ ಭಾಗ ಇದೇ. ಆದುದರಿಂದ ತುಸು ನಿಧಾನವಾಗಿ ನೋಡೋಣ. ತೊಂಬತ್ತಾರು ಸಣ್ಣ ಕುಳಿಗಳುಳ್ಳ ಪ್ಲಾಸ್ಟಿಕ್ ತಟ್ಟೆಯೊಂದಿದೆ. ಕುಳಿಗಳ ಒಳಗೋಡೆಗೆ ಎರಡು ವೈರಸ್ಸುಗಳ ಎನ್-ಪ್ರೋಟೀನನ್ನೂ ಹಿಡಿಯಬಲ್ಲ ಪ್ರತಿಕಾಯವನ್ನು ಮೊದಲೇ ಅಂಟಿಸಿದೆ. ಆಡಿನ ಕಣ್ಣು ಮೂಗುಗಳಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ತಂದ ದ್ರವವನ್ನು ಎರಡು ಕುಳಿಗಳಿಗೆ ಹಾಕುತ್ತೇವೆ. ವೈರಸ್ಸು ಯಾವುದೇ ಇರಲಿ, ಅದರ ಎನ್-ಪ್ರೋಟೀನ್ ಗೋಡೆಗೆ ಸಿಕ್ಕಿಕೊಳ್ಳುವುದು. ಇದೇ ಪ್ರೋಟೀನನ್ನು ಆರಿಸಿದುದೇಕೆಂದರೆ ಅದು ಹೇರಳವಾಗಿರುವುದರಿಂದ, ಸ್ವಲ್ಪ ದ್ರವದಲ್ಲಿಯೂ ದೊರೆಯುವುದು. ಈಗ ಮೊದಲನೆಯ ಕುಳಿಗೆ ರಿಂಡರ್‌ಪೆಸ್ಟನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನೂ ಎರಡನೆಯದಕ್ಕೆ ಹಿರೇಬೇನೆಯನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನೂ ಹಾಕಬೇಕು. ಈ ಪ್ರತಿಕಾಯಗಳ ಬೆನ್ನಿಗೆ ಒಂದು ಕಿಣ್ವವನ್ನು ಜೋಡಿಸುವ ಏರ್ಪಾಡಿದೆ. ಕುಳಿಗಳನ್ನು ಚೆನ್ನಾಗಿ ತೊಳೆದರೆ ಏನನ್ನೂ ಹಿಡಿಯದ ಪ್ರತಿಕಾಯ ಕೊಚ್ಚಿಹೋಗುವುದು, ಹಿಡಿದದ್ದು ಉಳಿಯುವುದು. ಕೊನೆಗೆ ಕಿಣ್ವದ ಸಂಪರ್ಕದಿಂದ ಬಣ್ಣ ತಳೆಯುವ ದ್ರಾವಣವನ್ನು ಹಾಕಿದರಾಯಿತು. ಬಣ್ಣ ಮೊದಲನೆಯದರಲ್ಲಿ ಮೂಡಿದರೆ ರಿಂಡರ್‌ಪೆಸ್ಟ್. ಎರಡನೆಯದರಲ್ಲಿ ಮೂಡಿದರೆ ಹಿರೇಬೇನೆ. ಎರಡರಲ್ಲಿಯೂ ಮೂಡದಿದ್ದರೆ ಎರಡೂ ಅಲ್ಲ ಅಥವಾ ಮಾದರಿಯಲ್ಲಿ ವೈರಸ್ಸು ಸಾಲದು.

ಎರಡರಲ್ಲಿಯೂ ಬಣ್ಣ ಬಂದರೆ? ಚುರುಕಾದ ವಿದ್ಯಾರ್ಥಿ ಈ ಪ್ರಶ್ನೆಯನ್ನು ಕೇಳಿಯೇ ಕೇಳುವನು. ಅದಕ್ಕಾಗಿಯೇ ಪ್ರತಿ ತಟ್ಟೆಯಲ್ಲಿಯೂ ಗೊತ್ತಿರುವ ಮಾದರಿಗಳ ಕೆಲವು ಕುಳಿಗಳನ್ನು ಇಡುವುದು: ಖಚಿತವಾಗಿ ರಿಂಡರ್‌ಪೆಸ್ಟಿನದು, ಖಚಿತವಾಗಿ ಹಿರೇಬೇನೆಯದು, ಖಚಿತವಾಗಿ ವೈರಸ್ಸೇ ಇಲ್ಲದ್ದು. ವೈರಸ್ಸಿಲ್ಲದ ಕುಳಿಯಲ್ಲಿಯೂ ಬಣ್ಣ ಕಂಡರೆ ತೊಳೆಯುವುದರಲ್ಲಿ ತಪ್ಪಾಗಿದೆಯೆಂದು ತಿಳಿದು ಇಡೀ ತಟ್ಟೆಯನ್ನು ತಿರಸ್ಕರಿಸತಕ್ಕದ್ದು. ಇಂಥ ಕಾವಲು ಕುಳಿಗಳಿಲ್ಲದ ಪರೀಕ್ಷೆಯ ಫಲಿತಾಂಶ ಎಷ್ಟು ಬೇಗ ಬಂದರೂ ಅದಕ್ಕೆ ಬೆಲೆಯಿಲ್ಲ.

ರಕ್ತದಲ್ಲಿರುವ ಪ್ರತಿಕಾಯವನ್ನು ಗುರುತಿಸುವ ಪರೀಕ್ಷೆ ಇದರ ಕನ್ನಡಿಬಿಂಬ. ಅಲ್ಲಿ ವೈರಸ್ಸಿನ ಪ್ರೋಟೀನನ್ನು ಕುಳಿಯಲ್ಲಿ ಅಂಟಿಸಿ, ಪ್ರಾಣಿಯ ಸೀರಮನ್ನೂ ಒಂದೇ ವೈರಸ್ಸನ್ನು ಹಿಡಿಯುವ ನಮ್ಮ ಮಾನೋಕ್ಲೋನಲ್ ಪ್ರತಿಕಾಯವನ್ನೂ ಒಟ್ಟಿಗೆ ಸ್ಪರ್ಧೆಗೆ ಬಿಡುವರು. ಸೀರಮಿನಲ್ಲಿ ಅದೇ ಸ್ಥಳವನ್ನು ಹಿಡಿಯುವ ಪ್ರತಿಕಾಯಗಳಿದ್ದರೆ ಅವು ಮೊದಲೇ ಜಾಗ ಹಿಡಿದು ನಮ್ಮದನ್ನು ಹೊರಗಿಡುವುವು, ಬಣ್ಣ ಮೂಡದು. ಇಲ್ಲಿ ಬಣ್ಣವಿಲ್ಲದಿರುವುದೇ ‘ಹೌದು’ ಎಂಬ ಉತ್ತರ. ದನದ ರಕ್ತದಲ್ಲಿ ಕಂಡ ಗುರುತು ಯಾವ ವೈರಸ್ಸಿನದು ಎಂಬ ಪ್ರಶ್ನೆಗೆ ಬೇಕಾದುದು ಈ ಬಗೆಯ ಪರೀಕ್ಷೆ. ಮುಕ್ತೇಶ್ವರದ ವಿಜ್ಞಾನಿಗಳು ಹಿರೇಬೇನೆಗಾಗಿ ಎರಡು ಬಗೆಯ ಎಲೈಸಾಗಳನ್ನೂ ನಮ್ಮ ದೇಶದಲ್ಲಿಯೇ ಸಿದ್ಧಪಡಿಸಿದ್ದಾರೆ. ವಿದೇಶದ ದುಬಾರಿ ಪೆಟ್ಟಿಗೆಗಳಿಗಾಗಿ ಕಾಯಬೇಕಾಗಿಲ್ಲ.

ಮಾದರಿಯ ಪ್ರಯಾಣ

ಎರಡು ಗಂಟೆಯ ಪರೀಕ್ಷೆಯೆಂದು ಹಿಗ್ಗುವಾಗ ಒಂದು ಮಾತನ್ನು ಮರೆಯಬಾರದು. ಆ ಎರಡು ಗಂಟೆ ಆರಂಭವಾಗುವುದು ಮಾದರಿ ಮೇಜನ್ನು ತಲುಪಿದ ಮೇಲೆ. ಹುಮನಾಬಾದಿನಿಂದ ಬೀದರಿಗೆ ಸುಮಾರು ೫೦ ಕಿಲೋಮೀಟರು. ಬೀದರಿನಿಂದ, ರಾಜ್ಯದ ಪಶುರೋಗ ಪ್ರಯೋಗಶಾಲೆ ಮತ್ತು ಲಸಿಕಾ ಸಂಸ್ಥೆಯಿರುವ ಬೆಂಗಳೂರಿನ ಹೆಬ್ಬಾಳಕ್ಕೆ ಸುಮಾರು ೭೦೦. ಬೇಸಗೆಯಲ್ಲಿ ಈ ಸೀಮೆಯ ಬಿಸಿಲನ್ನು ಅನುಭವಿಸಿದವರಿಗೆ ಇದರ ಕಷ್ಟ ಗೊತ್ತು. ಮಾರ್ಬಿಲಿ ವೈರಸ್ಸುಗಳು ಬಿಸಿಲಿಗೂ ಒಣಹವೆಗೂ ಬಹಳ ಬೇಗ ಸಾಯುವಂಥವು. ಹಿಂಡಿಗೆ ಅದು ವರವಾದರೂ ಜೀವಂತ ವೈರಸ್ಸನ್ನು ಬೆಳೆಸಬೇಕೆನ್ನುವ ಪ್ರಯೋಗಶಾಲೆಗೆ ಶಾಪ. ಎಲೈಸಾಕ್ಕೆ ಬೇಕಾದುದು ಬದುಕಿರುವ ವೈರಸ್ಸಲ್ಲ, ಅದರ ಪ್ರೋಟೀನು. ವೈರಸ್ಸು ಸತ್ತ ಬಳಿಕವೂ ಕೆಲವು ದಿನ ಪ್ರೋಟೀನು ಕೆಡದೆ ಉಳಿಯುವುದು. ಮಂಜುಗಡ್ಡೆಯಲ್ಲಿಟ್ಟು ಕಳುಹಿಸುವುದೇ ಕ್ರಮ. ಆದರೂ ದಾರಿಯಲ್ಲಿ ಮಂಜು ಕರಗಿದ ಮಾತ್ರಕ್ಕೆ ಎಲ್ಲವೂ ವ್ಯರ್ಥವಾಗುವುದಿಲ್ಲ.

ಯಾವ ಪ್ರಾಣಿಯಿಂದ ಮಾದರಿ ತೆಗೆಯಬೇಕೆಂಬುದೂ ಮುಖ್ಯ. ಜನರು ಸಾಮಾನ್ಯವಾಗಿ ಸಾಯುವ ಸ್ಥಿತಿಗೆ ಬಂದ 	ಆಡನ್ನು ಎತ್ತಿಕೊಂಡು ದವಾಖಾನೆಗೆ ಓಡುವರು. ಆದರೆ ವೈರಸ್ಸು ಕಣ್ಣೀರಿನಲ್ಲಿಯೂ ಮೂಗಿನ ದ್ರವದಲ್ಲಿಯೂ ಹೇರಳವಾಗಿರುವುದು ಜ್ವರ ಏರಿದ ಮೊದಲ ದಿನಗಳಲ್ಲಿ, ದ್ರವ ಇನ್ನೂ ತಿಳಿಯಾಗಿರುವಾಗ. ಹಿಂಡಿನಲ್ಲಿ ನಿನ್ನೆ ಮೊನ್ನೆ ಮಂಕಾದ ಆಡೇ ಪರೀಕ್ಷೆಗೆ ಯೋಗ್ಯವಾದುದು. ಬೀದರಿನಲ್ಲಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಓದುವ ತರುಣರು ಇದನ್ನು ಮೊದಲ ಪಾಠಗಳಲ್ಲಿಯೇ ಕಲಿಯುವರು. ಕುರಿಗಾಹಿಗಳಿಗೂ ಇದು ತಿಳಿದಿದ್ದರೆ ಒಳ್ಳೆಯದು.

ಅಕ್ಷರಗಳನ್ನೇ ಓದುವುದು

ಪ್ರೋಟೀನಿನ ಹೊರರೂಪವನ್ನು ಬಿಟ್ಟು ನೇರವಾಗಿ ಜೀನನ್ನೇ ಓದಬಹುದಲ್ಲವೆ? ೧೯೮೯ರ ಸುಮಾರಿಗೆ ಎನ್-ಜೀನಿನ ತುಣುಕುಗಳಿಗೆ ವಿಕಿರಣಶೀಲ ರಂಜಕವನ್ನು ಜೋಡಿಸಿ ಈ ಎರಡು ವೈರಸ್ಸುಗಳನ್ನು ಬೇರ್ಪಡಿಸಿದರು. ಉಪಾಯ ಚೆನ್ನಾಗಿತ್ತು, ಆದರೆ ಹದಿನಾಲ್ಕು ದಿನಗಳಲ್ಲಿ ಅರ್ಧ ಕ್ಷಯವಾಗುವ ರಂಜಕವನ್ನು ದೂರದ ಜಿಲ್ಲೆಗಳಿಗೆ ಒದಗಿಸುವವರಾರು? ಬೇಗನೆ ಪಿ.ಸಿ.ಆರ್. ಆ ಸ್ಥಾನವನ್ನು ಆಕ್ರಮಿಸಿತು. ವೈರಸ್ಸಿನ ಆರ್.ಎನ್.ಎ.ಯನ್ನು ಮೊದಲು ಡಿ.ಎನ್.ಎ. ಪ್ರತಿಯಾಗಿ ಬದಲಿಸಿ, ಬಳಿಕ ಅದರ ಒಂದು ಸಣ್ಣ ಭಾಗವನ್ನು ಮತ್ತೆ ಮತ್ತೆ ಇಮ್ಮಡಿಸುವ ಕ್ರಿಯೆ ಇದು. ಒಂದು ಪ್ರತಿ ೩೦ ಸಲ ಇಮ್ಮಡಿಯಾದರೆ ಎಷ್ಟಾಗುವುದೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಉತ್ತರ ೧೦೭ ಕೋಟಿಯನ್ನು ಮೀರುವುದು. ಇಮ್ಮಡಿಸುವ ಕ್ರಿಯೆ ಎಲ್ಲಿಂದ ಆರಂಭವಾಗಬೇಕೆಂದು ಹೇಳುವುದು ಸುಮಾರು ಇಪ್ಪತ್ತು ಅಕ್ಷರಗಳ ಎರಡು ಪುಟ್ಟ ತುಣುಕುಗಳು. ಹಿರೇಬೇನೆಯ ಎನ್-ಜೀನಿಗೆ ಮಾತ್ರ ಹೊಂದುವ ತುಣುಕುಗಳನ್ನು ಆರಿಸಿದರೆ, ಆ ವೈರಸ್ಸಿರುವ ಮಾದರಿಯಲ್ಲಿ ೩೫೧ ಅಕ್ಷರಗಳ ಉದ್ದದ ಪಟ್ಟಿ ಕಾಣುವುದು. ರಿಂಡರ್‌ಪೆಸ್ಟಿನ ಮಾದರಿಯಲ್ಲಿ ಏನೂ ಕಾಣದು.

ಪ್ರತಿಕಾಯಗಳ ದಾರಿ ಮುಚ್ಚಿಹೋಗುವ ಸಂದರ್ಭಗಳೂ ಉಂಟು. ಅದೇ ಕೊಟ್ಟಿಗೆಯಲ್ಲಿ ಇನ್ನೊಂದು ವೈರಸ್ ಕುಟುಂಬವಿದೆ: ಕುರಿಯ ಸಿಡುಬು, ಆಡಿನ ಸಿಡುಬು, ದನಗಳ ಚರ್ಮಗಂಟು ರೋಗ. ೨೦೧೯ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡ ಚರ್ಮಗಂಟು ರೋಗ ಮರುವರ್ಷವೇ ಕರ್ನಾಟಕವನ್ನು ತಲುಪಿದುದನ್ನು ನಮ್ಮ ರೈತರು ಮರೆತಿಲ್ಲ. ಈ ಮೂರು ವೈರಸ್ಸುಗಳ ಡಿ.ಎನ್.ಎ. ನೂರಕ್ಕೆ ತೊಂಬತ್ತಾರು ಪಾಲು ಒಂದೇ. ರಕ್ತದ ಸಾಮಾನ್ಯ ಪರೀಕ್ಷೆಗಳು ಇವುಗಳನ್ನು ಬೇರ್ಪಡಿಸಲಾರವು. ಆದರೆ ಕುರಿಯ ಸಿಡುಬಿನ ವೈರಸ್ಸಿನ ಒಂದು ಜೀನಿನಲ್ಲಿ, ಆಡಿನ ಸಿಡುಬಿನ ವೈರಸ್ಸಿನಲ್ಲಿರುವ ೨೧ ಅಕ್ಷರಗಳು ಬಿಟ್ಟುಹೋಗಿವೆ. ಪಿ.ಸಿ.ಆರ್.ನಲ್ಲಿ ಒಂದರ ತುಣುಕು ೧೫೧ ಅಕ್ಷರ, ಇನ್ನೊಂದರದು ೧೭೨. ಕೊರಳಿನ ಹೂವು ಎಲೆಗಳ ಭೇದ ಇಲ್ಲಿ ಇಷ್ಟೇ, ಆದರೂ ಸಾಕು.

ಕೊಟ್ಟಿಗೆಯ ಬಾಗಿಲಲ್ಲಿಯೇ ಮಾಡಬಹುದಾದ ಪರೀಕ್ಷೆಯೂ ಬಂದಿದೆ. ೧೯೯೦ರ ದಶಕದಲ್ಲಿ ಇಂಗ್ಲೆಂಡಿನ ಪಿರ್‌ಬ್ರೈಟ್ ಸಂಸ್ಥೆಯವರು ದನದ ಕಣ್ಣೀರಿನಲ್ಲಿ ರಿಂಡರ್‌ಪೆಸ್ಟನ್ನು ಗುರುತಿಸುವ ಪಟ್ಟಿಯೊಂದನ್ನು ತಯಾರಿಸಿದರು. ಪಾಕಿಸ್ತಾನದ ಹಳ್ಳಿಗಳಲ್ಲಿ ಅದು ಉಪಯೋಗಕ್ಕೆ ಬಂದಿತು. ಹಿರೇಬೇನೆಗೂ ಅಂಥ ಪಟ್ಟಿಗಳು ಮುಂದೆ ಸಿದ್ಧವಾದವು. ಕೋವಿಡ್ ಕಾಲದಲ್ಲಿ ಮೂಗಿನ ದ್ರವವನ್ನು ಹಾಕಿ ಎರಡು ಗೆರೆಗಳಿಗಾಗಿ ಕಾದವರಿಗೆ ಇದರ ತತ್ತ್ವವನ್ನು ಮತ್ತೆ ವಿವರಿಸಬೇಕಾಗಿಲ್ಲ. ಗೆರೆ ಮೂಡಿದರೆ ಅದೇ ದಿನ ಹಿಂಡನ್ನು ಸಂತೆಗೆ ಬಿಡದೆ ತಡೆಯಬಹುದು. ಮೂಡದಿದ್ದರೆ ರೋಗವಿಲ್ಲವೆಂದು ತಿಳಿಯಲಾಗದು. ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಲೇಬೇಕು.

ಇಲ್ಲದ ವೈರಸ್ಸಿಗೆ ಕಾವಲು

ಭಾರತವು ರಿಂಡರ್‌ಪೆಸ್ಟಿನ ಸೋಂಕಿನಿಂದ ಮುಕ್ತವೆಂದು ೨೦೦೬ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ೨೦೦೧ರಲ್ಲಿ ಕೆನ್ಯಾದ ಕಾಡೆಮ್ಮೆಗಳಲ್ಲಿ ಕಂಡದ್ದೇ ಪ್ರಪಂಚದ ಕೊನೆಯ ಪ್ರಕರಣ. ೨೦೧೧ರಲ್ಲಿ ಇಡೀ ಭೂಮಿ ಈ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ಮನುಷ್ಯನ ಸಿಡುಬಿನ ಬಳಿಕ ನಾವು ಬೇರುಸಹಿತ ಕಿತ್ತ ಎರಡನೆಯ ವೈರಸ್ ರೋಗ ಇದು. ಹಿರೇಬೇನೆ ಇನ್ನೂ ಉಳಿದಿದೆ. ನಮ್ಮಲ್ಲಿ ಅದರ ನಿಯಂತ್ರಣಕ್ಕೆ ೨೦೧೦ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ೨೦೩೦ರೊಳಗೆ ಪ್ರಪಂಚದಿಂದಲೇ ಅದನ್ನು ತೊಲಗಿಸಬೇಕೆಂದು ೨೦೧೫ರಲ್ಲಿ ಗುರಿ ಇಡಲಾಯಿತು. ಅವಧಿ ಸಾಲದೆಂದು ನನಗೆ ತೋರುತ್ತದೆ; ದಾರಿ ಮಾತ್ರ ಸರಿಯಾಗಿದೆ.

ರಿಂಡರ್‌ಪೆಸ್ಟ್ ಇಲ್ಲವಾದ ಮೇಲೂ ಎರಡನ್ನು ಬೇರ್ಪಡಿಸುವ ಪರೀಕ್ಷೆ ಬೇಕಾಗಿದೆ. ಬಸವಕಲ್ಯಾಣದ ಹಿಂಡಿಗೆ ಬಂದದ್ದು ಇಂದು ಹಿರೇಬೇನೆಯೇ ಆಗಿರುವುದು. ಆದರೂ ಎಂದಾದರೊಂದು ದಿನ ದನಗಳ ಕಣ್ಣಿನಲ್ಲಿ ಕೀವು, ಬಾಯಿಯಲ್ಲಿ ಹುಣ್ಣು ಕಂಡರೆ, ಅದು ಹಳೆಯ ಶತ್ರುವಲ್ಲವೆಂದು ಕೆಲವೇ ಗಂಟೆಗಳಲ್ಲಿ ಹೇಳಬಲ್ಲ ಪ್ರಯೋಗಶಾಲೆ ಇರಬೇಕಾಗುತ್ತದೆ. ಇಲ್ಲಿ ಒಂದು ವಿಚಿತ್ರವಾದ ತೊಡಕಿದೆ. ಪ್ರತಿ ಪರೀಕ್ಷೆಯಲ್ಲಿಯೂ ಗೊತ್ತಿರುವ ರಿಂಡರ್‌ಪೆಸ್ಟಿನ ಕಾವಲು ಕುಳಿ ಬೇಕೆಂದೆವಷ್ಟೆ? ಆದರೆ ಜೀವಂತ ವೈರಸ್ಸನ್ನು ಇಟ್ಟುಕೊಳ್ಳಲು ಈಗ ಪ್ರಪಂಚದಲ್ಲಿ ಬೆರಳೆಣಿಕೆಯ ಪ್ರಯೋಗಶಾಲೆಗಳಿಗೆ ಮಾತ್ರ ಅನುಮತಿ. ಉಳಿದವು ತಮ್ಮ ಸಂಗ್ರಹವನ್ನು ನಾಶಮಾಡಬೇಕು ಅಥವಾ ಅವುಗಳಿಗೆ ಒಪ್ಪಿಸಬೇಕು. ೨೦೧೯ರಲ್ಲಿ ಪಿರ್‌ಬ್ರೈಟಿನವರೇ ತಾವು ದಶಕಗಳಿಂದ ಕಾಪಾಡಿಕೊಂಡು ಬಂದಿದ್ದ ೩,೦೦೦ಕ್ಕೂ ಹೆಚ್ಚು ಸೀಸೆಗಳನ್ನು ನಾಶಪಡಿಸಿದರು; ನಾಶಕ್ಕೆ ಮೊದಲು ಅವುಗಳಲ್ಲಿದ್ದ ವೈರಸ್ಸುಗಳ ಜೀನುಗಳ ಅಕ್ಷರಮಾಲೆಯನ್ನು ಓದಿ ದಾಖಲಿಸಿಕೊಂಡರು. ಹಾಗೆ ದಾಖಲಾದ ಅಕ್ಷರಗಳಿಂದ ಒಂದು ಸಣ್ಣ ತುಣುಕನ್ನು ಯಂತ್ರದಲ್ಲಿ ಹೊಸದಾಗಿ ಜೋಡಿಸಿದರೆ ಪಿ.ಸಿ.ಆರ್.ನ ಕಾವಲು ಕುಳಿಗೆ ಅದೇ ಸಾಕು. ಆ ತುಣುಕು ಯಾವ ಪ್ರಾಣಿಗೂ ರೋಗ ತಾರದು.